ಮಂಡ್ಯ ಸೀಮೆಯ ಪಡಖಾನೆಗಳು

ಮದ್ದೂರೆಂದರೆ ನಮ್ಮ ಪಟ್ಟಣವಾಸಿಗಳಿಗೆ ವಡೆ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿಬಂದವರಲ್ಲಿ, ಆ ಹೆಸರು ಕಿವಿಗೆ ಬಿದ್ದೊಡನೆ ಈರುಳ್ಳಿಯ ಘಮವನ್ನು ನೆನೆಯದವರು ವಿರಳ. ಹಾಗೆಯೇ ಮಂಡ್ಯವೆಂದರೆ ಸಕ್ಕರೆ. ಮಳವಳ್ಳಿಯೆಂದರೆ ಶಿವನಸಮುದ್ರದ ಜಲಪಾತ ನೋಡಲು ಹೋಗುವಾಗ ಬಸ್ಸು ನಿಲ್ಲುವ ಊರು. ಊರುಗಳನ್ನು ಹೀಗೆ ಒಂದೊಂದು ತಿಂಡಿಗೋ ಸರಕಿಗೋ ಗಂಟುಹಾಕಿ ನೆನಪಿಟ್ಟುಕೊಳ್ಳುವುದು ಪ್ರಯಾಣಿಕರ ಅಭ್ಯಾಸ. ಆದರೆ ಅಲ್ಲಿಯೇ ಹುಟ್ಟಿ ದುಡಿದು ಬಾಳಿದ ಜನ ಸಂಜೆಯ ಹೊತ್ತು ಎಲ್ಲಿ ಕುಳಿತರು, ಏನು ಕುಡಿದರು, ಅದರ ಜೊತೆಗೆ ಏನನ್ನು ನಂಜಿಕೊಂಡರು ಎಂಬ ಕಥೆ ವಡೆಯ ಕಥೆಗಿಂತ ಹಳೆಯದು. ನಮ್ಮ ಚರಿತ್ರೆಯ ಪುಸ್ತಕಗಳು ಅರಮನೆ, ಕೋಟೆ, ದೇವಾಲಯ, ಕಾಲುವೆಗಳನ್ನು ಸಾವಧಾನವಾಗಿ ಬಣ್ಣಿಸಿ, ಪಡಖಾನೆಯ ಬಾಗಿಲಿಗೆ ಬಂದಾಗ ಮಾತ್ರ ಮೂಗು ಮುಚ್ಚಿಕೊಂಡು ಮುಂದಕ್ಕೆ ಸಾಗುತ್ತವೆ. ಈ ಲೇಖನದಲ್ಲಿ ಆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲೋಣ.

ಕುಡಿಯುವ ಮನೆಯನ್ನು ಅಳೆಯುವುದಕ್ಕೆ ಮೂರು ಮಾನದಂಡಗಳಿವೆ. ಮೊದಲನೆಯದು ಪಾನ, ಎರಡನೆಯದು ತಿನಿಸು, ಮೂರನೆಯದು ಜಾಗ. ಜಾಗವೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ನೆರಳು, ಬೆಳಕು, ಕೂರುವ ಮಣೆ, ಪಕ್ಕದಲ್ಲಿ ಕುಳಿತವನ ಮಾತು, ಮಾಲೀಕನ ಮುಖ ಇವೆಲ್ಲ ಅದರಲ್ಲಿ ಸೇರಿವೆ. ಇಂಗ್ಲೆಂಡಿನವರು ತಮ್ಮ ಹಳ್ಳಿಯ ಪಬ್ಬುಗಳನ್ನು ಈ ಮೂರು ತೂಕದಲ್ಲಿಟ್ಟು ತೂಗಿ ಪುಸ್ತಕಗಳನ್ನೇ ಬರೆದಿದ್ದಾರೆ. ನಮ್ಮಲ್ಲಿ ಅಂಥ ಪರಾಮರ್ಶೆಯನ್ನು ಮಾಡಿದವರಿಲ್ಲ. ಸರ್ಕಾರಗಳು ಮಾಡಿವೆಯೇ ಎಂದರೆ, ಅವು ಸದಾ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದವು. ಪಾನಕ್ಕೆ ತೆರಿಗೆ ಹಾಕಿದವು, ಪಾನವನ್ನು ನಿಷೇಧಿಸಿದವು, ಪಾನವನ್ನು ಹರಾಜು ಹಾಕಿದವು. ತಿನಿಸು ಏನಾಯಿತು, ಜಾಗ ಏನಾಯಿತು ಎಂದು ಕೇಳಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ದಾರಿಯಲ್ಲಿ ಇನ್ನೂರು ವರ್ಷಗಳಲ್ಲಿ ಆದದ್ದನ್ನು ನೋಡಿದರೆ ಈ ಮರೆವಿಗೆ ಜನ ತೆತ್ತ ಬೆಲೆ ಕಾಣುತ್ತದೆ.

ಎಲ್ಲ ಕಾಲದ ಆಳುವವರೂ ಹೀಗೆಯೇ ಇದ್ದರು ಎಂದು ಹೇಳುವಂತಿಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಸಿಕ್ಕಿತಷ್ಟೆ. 1909ರಲ್ಲಿ ಅದು ಅಚ್ಚಾಗಿ ಬಂದಾಗ ವಿದ್ವಾಂಸರು ಮಂಡಲ, ಷಾಡ್ಗುಣ್ಯಗಳ ಚರ್ಚೆಯಲ್ಲಿ ಮುಳುಗಿದರು. ಅದರೊಳಗೆ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವೂ ಇದೆ. ಪಾನಗೃಹಕ್ಕೆ ಹಲವು ಕೋಣೆಗಳಿರಬೇಕು, ಬೇರೆ ಬೇರೆ ಆಸನಗಳೂ ಮಲಗುವ ಮಂಚಗಳೂ ಇರಬೇಕು, ಸುಗಂಧ, ಹೂಮಾಲೆ, ನೀರು ಇವು ಒದಗಬೇಕು, ಎಲ್ಲ ಋತುಗಳಲ್ಲಿಯೂ ಅಲ್ಲಿ ಹಿತವಾಗಿರಬೇಕು ಎಂದು ಅಲ್ಲಿ ವಿಧಿಸಿದೆ. ನಡತೆ ಗೊತ್ತಿರುವ ಸಭ್ಯರು ಮಾತ್ರ ಅಲ್ಪ ಪ್ರಮಾಣವನ್ನು ಹೊರಗೆ ಒಯ್ಯಬಹುದು. ಮಿಕ್ಕವರು ಅಲ್ಲಿಯೇ ಕುಡಿದು ಹೋಗತಕ್ಕದ್ದು. ಕೌಟಿಲ್ಯನೇನೂ ಕುಡುಕರ ಪಕ್ಷಪಾತಿಯಲ್ಲ. ಬೊಕ್ಕಸಕ್ಕೆ ಬರುವ ಕಾಸನ್ನು ಬಿಡುವವನೂ ಅಲ್ಲ. ಆದರೂ ಕುಡಿತವನ್ನು ಒಂದು ಜಾಗದಲ್ಲಿ ಕೂಡಿಸಿ, ಅಲ್ಲಿ ಅದರ ಮೇಲೆ ಕಣ್ಣಿಡಬೇಕೆಂಬ ವಿವೇಕ ಆತನಿಗಿತ್ತು. ಆ ಪುಸ್ತಕ ದೊರೆತ ಸೀಮೆಯಲ್ಲಿಯೇ ಆ ಮಾತು ಮರೆತುಹೋಯಿತು.

ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲಿನದು. ಹಳ್ಳದ ದಂಡೆ, ಕೆರೆಯ ಹಿಂಭಾಗ, ಜೌಗುನೆಲಗಳಲ್ಲಿ ತಾನಾಗಿಯೇ ಬೆಳೆಯುವ ಮರ ಅದು. ಸುಳಿಯ ಕೆಳಗೆ ಕಾಂಡವನ್ನು ಕೆತ್ತಿ, ಸಂಜೆ ಮಡಕೆ ಕಟ್ಟಿದರೆ, ರಾತ್ರಿಯೆಲ್ಲ ತೊಟ್ಟಿಕ್ಕಿದ ರಸವನ್ನು ಬೆಳಗಿನ ಜಾವ ಇಳಿಸುತ್ತಾರೆ. ಹುಳಿಯದಂತೆ ಎಚ್ಚರದಿಂದ ಇಳಿಸಿದ ಸಿಹಿರಸವೇ ನೀರಾ. ಬಿಸಿಲೇರಿದಂತೆ ಅದು ನೊರೆಗಟ್ಟಿ ಹೆಂಡವಾಗುತ್ತದೆ. ಸಂಜೆಯ ವೇಳೆಗೆ ಹುಳಿ ಹತ್ತಿ ಕಾರವಾಗುತ್ತದೆ. ಒಂದು ವರ್ಷ ಒಂದು ಮಗ್ಗುಲನ್ನು ಕೆತ್ತಿದರೆ ಮರುವರ್ಷ ಎದುರು ಮಗ್ಗುಲನ್ನು ಕೆತ್ತುವುದು ಪದ್ಧತಿ. ಆದ್ದರಿಂದ ಹಳೆಯ ಈಚಲ ಮರದ ಕಾಂಡ ಅಂಕುಡೊಂಕಾಗಿ, ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಎಷ್ಟು ವರ್ಷ ಹೆಂಡ ಕೊಟ್ಟಿದೆಯೆಂದು ಆ ಕಚ್ಚುಗಳನ್ನು ಎಣಿಸಿ ಹೇಳಬಹುದು. ಈ ಸೀಮೆಯ ಪಾನದ ಚರಿತ್ರೆಯಲ್ಲಿ ಯಾರೂ ತಿದ್ದಲಾಗದ ದಾಖಲೆಯೆಂದರೆ ಇದೊಂದೇ.

ಈ ಹೆಂಡ ಹದವಾದ ಪಾನ. ಅದರಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ 4ರಿಂದ 6 ಪಾಲು. ಕೂಡಿಡಲು ಬಾರದು, ದೂರ ಸಾಗಿಸಲು ಬಾರದು. ಅಂದಿನದು ಅಂದೇ ಮುಗಿಯಬೇಕು. ಆದಕಾರಣ ಹೆಂಡದಂಗಡಿ ಮರದ ಹತ್ತಿರವೇ ಹುಟ್ಟಿತು. ಸೋಗೆಯದೊಂದು ಚಪ್ಪರ, ಸಾಲಾಗಿಟ್ಟ ಗಡಿಗೆಗಳು, ಕೂರಲು ನೆಲ ಅಥವಾ ಕಲ್ಲುಚಪ್ಪಡಿ. ತಿನಿಸಿನಲ್ಲಿ ಹುರಿಗಾಳು, ಬೇಯಿಸಿದ ಮೊಟ್ಟೆ, ಖಾರ ಬಳಿದು ಹುರಿದ ಕೆರೆಮೀನು. ಮಾಂಸ ಕಡಿದ ದಿನವಾದರೆ ಬೋಟಿ, ತಲೆಮಾಂಸ. ಮಾರುವವನ ಮನೆಯ ಹೆಂಗಸರೇ ಅದನ್ನು ಬೇಯಿಸುತ್ತಿದ್ದದ್ದು ಸಾಮಾನ್ಯ. ಅಲ್ಲಿ ಗದ್ದೆಯ ಸುದ್ದಿ, ಸಂತೆಯ ದರ, ಎತ್ತಿನ ವ್ಯಾಪಾರ, ಬೀಗತನದ ಮಾತು ಎಲ್ಲ ನಡೆಯುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ಹೆಸರಿನವನೊಬ್ಬನಿದ್ದು, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನೆಂಬುದು ಓದುಗರಿಗೆ ತಿಳಿದದ್ದೇ. ಅವನ ಕಾಯಕವೇ ಅವನ ಹೆಸರಾಯಿತು. ಹೆಂಡದಂಗಡಿಯ ಮುಂದೆ ದಿನವಿಡೀ ಕುಳಿತವನಿಗೆ ಮನುಷ್ಯನ ಒಳಮನೆ ಕಾಣಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಆ ಚಪ್ಪರವನ್ನು ನಂದನವನವೆಂದು ಬಣ್ಣಿಸುವುದು ಸುಳ್ಳಾಗುತ್ತದೆ. ಜಾತಿಯ ಅಂತರ ಅಲ್ಲಿಯೂ ಇತ್ತು. ಸಾಲ ಅಲ್ಲಿಯೂ ಇತ್ತು. ಮನೆಯ ರಾಗಿ ಅಲ್ಲಿಗೆ ಬಂದು ಗಡಿಗೆಯಾಗಿ ಮರಳುವುದೂ ಇತ್ತು. ಬೀದಿಯ ಜಗಳ, ಹೆಂಡತಿಯ ಮೈಮೇಲಿನ ಬಾಸುಂಡೆ ಇವು ಹೊಸ ಕಾಲದ ಶೋಧನೆಗಳೇನಲ್ಲ. ಮೂರು ತೂಕದಲ್ಲಿಟ್ಟು ಹೇಳುವುದಾದರೆ, ಪಾನ ಮೃದುವಾಗಿತ್ತು, ತಿನಿಸು ಒದಗುತ್ತಿತ್ತು, ಜಾಗ ಊರಿನ ಕಣ್ಣಿಗೆ ಕಾಣುವಂತಿತ್ತು. ಕುಡಿದವನು ಯಾರು, ಎಷ್ಟು ಕುಡಿದ ಎಂಬುದು ಊರಿಗೆ ಗೊತ್ತಿರುತ್ತಿತ್ತು. ಇಷ್ಟನ್ನು ಮಾತ್ರ ಅದರ ಪರವಾಗಿ ಹೇಳಬಹುದು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಶ್ರೀರಂಗಪಟ್ಟಣದಿಂದ. ಟೀಪು ಸುಲ್ತಾನನು 1787ರ ಸುಮಾರಿಗೆ ತನ್ನ ರಾಜ್ಯದಲ್ಲಿ ಮದ್ಯ ಮಾರಾಟವನ್ನು ನಿಲ್ಲಿಸಲು ಆಜ್ಞೆ ಮಾಡಿದನು. ತನ್ನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳಿಗೆ ಮಾತ್ರ ವಿನಾಯಿತಿ ಕೊಟ್ಟನು. ಧರ್ಮಶ್ರದ್ಧೆಯೊಂದಿಗೆ ದಂಡಿನ ಶಿಸ್ತಿನ ಚಿಂತೆಯೂ ಆತನಿಗಿದ್ದಿರಬೇಕು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟೀಪುವಿಗೂ ಯುದ್ಧವಾಯಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆಜ್ಞೆಯೂ ಅದರೊಂದಿಗೆ ಹೋಯಿತು. 1831ರಿಂದ 1881ರವರೆಗಿನ ಕಮಿಷನರುಗಳ ಆಳ್ವಿಕೆಯಲ್ಲಿ ಅಬ್ಕಾರಿ ಎಂಬುದು ಬೊಕ್ಕಸದ ಒಂದು ಖಾಯಂ ಬಾಬಾಗಿ ನೆಲೆಯೂರಿತು. ಹೆಂಡಕ್ಕೊಂದು ಗುತ್ತಿಗೆ, ಸಾರಾಯಿಗೊಂದು ಗುತ್ತಿಗೆ. ಹೆಚ್ಚು ಕೂಗಿದವನಿಗೆ ಅಂಗಡಿ. ಮರ ಇಳಿಸುವವನು ತಾನೇ ಮಾರುತ್ತಿದ್ದ ಕಾಲ ಹೋಗಿ, ಹರಾಜಿನಲ್ಲಿ ಹಣ ಹೂಡಿದವನು ವರ್ಷದೊಳಗೆ ಅದನ್ನು ಗಿಟ್ಟಿಸಿಕೊಳ್ಳಬೇಕಾದ ಕಾಲ ಬಂದಿತು. ಹೀಗೆ ಚಪ್ಪರ ಪಡಖಾನೆಯಾಯಿತು. ಒಂದು ವರ್ಷದ ಒಡೆಯನಿಗೆ ನೆರಳು, ಮಣೆ, ತಿನಿಸುಗಳಲ್ಲಿ ಯಾವ ಆಸಕ್ತಿ?

ಇದೇ ಕಾಲದಲ್ಲಿ ಈ ದಾರಿಗೆ ರೈಲು ಬಂದಿತು. 1882ರ ಹೊತ್ತಿಗೆ ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳ ಮೇಲೆ ಮೈಸೂರಿನವರೆಗೆ ಹಳಿ ಹಾಸಿ ಮುಗಿದಿತ್ತು. ರೈಲಿನೊಂದಿಗೆ ಹೊಸ ಬಗೆಯ ಪ್ರಯಾಣಿಕನೂ ಬಂದನು: ಗುಮಾಸ್ತ, ವಕೀಲ, ವಿದ್ಯಾರ್ಥಿ, ಮಡಿಯ ಮನೆಯಿಂದ ಹೊರಟು ದಾರಿಯಲ್ಲಿ ಹಸಿದವನು. ಇವನಿಗಾಗಿ ಹುಟ್ಟಿದ್ದು ನಿಲ್ದಾಣದ ಫಲಾಹಾರ. ಮದ್ದೂರಿನ ನಿಲ್ದಾಣದಲ್ಲಿ ಇಡ್ಲಿ, ವಡೆ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು 1917ರಲ್ಲಿ, ಗಾಡಿ ಬೇಗ ಬಂದುಬಿಟ್ಟ ಅವಸರದಲ್ಲಿ ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಅದೇ ಮದ್ದೂರು ವಡೆಯಾಯಿತೆಂದೂ ಪ್ರತೀತಿ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಕರಿಬೇವು, ಹಸಿಮೆಣಸು ಇಷ್ಟೇ ಅದರ ಸಾಮಗ್ರಿ. ಅದು ನಿಂತು ತಿನ್ನಬಹುದಾದ, ಕಾಗದದಲ್ಲಿ ಸುತ್ತಿ ಒಯ್ಯಬಹುದಾದ, ನಾಳೆಗೂ ಕೆಡದ ತಿಂಡಿ. ಒಟ್ಟಿನಲ್ಲಿ, ಕೂರಲು ಪುರಸೊತ್ತಿಲ್ಲದವರ ತಿಂಡಿ.

ಆಗ ಮದ್ದೂರು ಎರಡಾಯಿತೆನ್ನಬಹುದು. ಒಂದು, ಹಳಿಯ ಮೇಲಿನ ಮದ್ದೂರು. ಇನ್ನೊಂದು, ಹೊಲದಿಂದ ಬಂದವರು ಸಂಜೆ ಸೇರುವ ಮದ್ದೂರು. ಮೊದಲನೆಯದಕ್ಕೆ ಹೆಸರು ಬಂದಿತು, ಕೀರ್ತಿ ಬಂದಿತು, ಮುಂದೆ ಹೆದ್ದಾರಿಯ ಎರಡು ಕಡೆಯಲ್ಲಿಯೂ ದೊಡ್ಡ ದೊಡ್ಡ ಫಲಕಗಳು ಬಂದವು. ಎರಡನೆಯದಕ್ಕೆ ಹೆಸರು ಕೊಟ್ಟವರು ಯಾರೂ ಇಲ್ಲ. ಕಾಫಿ ಕ್ಲಬ್ಬಿಗೆ ಹೋಗುವವನು ಪಡಖಾನೆಯ ದಾರಿ ಬಿಟ್ಟು ಸುತ್ತಿ ಹೋದನು. ಪಡಖಾನೆಗೆ ಹೋಗುವವನಿಗೆ ಕಾಫಿ ಕ್ಲಬ್ಬಿನಲ್ಲಿ ಕೂರುವ ಧೈರ್ಯವಿರಲಿಲ್ಲ. ಇವರಿಬ್ಬರ ನಡುವೆ ಸೇತುವೆಯಾದದ್ದು ಮಿಲಿಟರಿ ಹೋಟೆಲು. ಮುದ್ದೆ, ನಾಟಿಕೋಳಿ ಸಾರು, ಕೈಮಾ ಉಂಡೆ, ಕಾಲು ಸೂಪು ಇವುಗಳಿಗೆ ಮೇಜು ಕುರ್ಚಿಯ ಗೌರವ ದೊರಕಿಸಿಕೊಟ್ಟ ಜಾಗ ಅದು. ಮಳವಳ್ಳಿ ತಾಲೂಕಿನ ಬಂಡೂರು ಎಂಬ ಹಳ್ಳಿಯ ಹೆಸರು ಹೊತ್ತ ಗಿಡ್ಡ ಕಾಲಿನ, ದುಂಡು ಮೈಯ ಕುರಿ ಈ ಸೀಮೆಯದೇ ತಳಿ. ಅದರ ಮಾಂಸದ ರುಚಿಯನ್ನು ಬಲ್ಲವರು ಬೆಂಗಳೂರಿನಿಂದಲೂ ಹುಡುಕಿಕೊಂಡು ಬರುತ್ತಾರೆ. ಮಾರಿಹಬ್ಬ, ಬೀಗರೂಟಗಳಲ್ಲಿ ಮಂಡ್ಯದವರು ಬಡಿಸುವ ಕೈಯನ್ನು ಕಂಡವರು ಇವರಿಗೆ ಊಟದ ಸಂಸ್ಕೃತಿಯಿಲ್ಲವೆಂದು ಹೇಳಲಾರರು. ಆದರೆ ಮಿಲಿಟರಿ ಹೋಟೆಲಿನಲ್ಲಿ ಕುಡಿಯುವಂತಿರಲಿಲ್ಲ, ಪಡಖಾನೆಯಲ್ಲಿ ಊಟವಿರಲಿಲ್ಲ. ಪಾನವೂ ತಿನಿಸೂ ಅಗಲಿದ್ದು ಹೀಗೆ.

ಪಡಖಾನೆಗೆ ಸಾಹಿತ್ಯದಲ್ಲಿ ಒಂದು ಮಣೆ ಹಾಕಿಕೊಟ್ಟವರು ಜಿ. ಪಿ. ರಾಜರತ್ನಂ. ರಾಮನಗರದಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ ‘ರತ್ನನ ಪದಗಳು’ ಬರೆದಾಗ, ಈ ಕಡೆಯ ಜನರ ಆಡುಮಾತು ಮೊದಲ ಬಾರಿಗೆ ಪಂಡಿತರ ಮನೆಯ ಪಡಸಾಲೆಯಲ್ಲಿ ಬಂದು ಕುಳಿತುಕೊಂಡಿತು. ಮುಂದೆ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಆ ಪದಗಳು ಮನೆಮನೆಗೂ ಹೋದವು. ಯೆಂಡ್ಕುಡ್ಕ ರತ್ನನನ್ನು ನಾವು ಪ್ರೀತಿಸಿದೆವು. ಅವನು ಕುಳಿತ ಜಾಗವನ್ನು ಮಾತ್ರ ಹೋಗಿ ನೋಡಲಿಲ್ಲ. ಅವನಿಗೆ ಗೆಳೆಯರಿದ್ದರು, ಮಾತಿತ್ತು, ಮನೆಯಲ್ಲಿ ಪುಟ್ನಂಜಿ ಇದ್ದಳು. ಒಬ್ಬನೇ ಮೂಲೆಯಲ್ಲಿ ನಿಂತು ಗಟಗಟನೆ ಕುಡಿದು ಹೋಗುವವನ ಬಾಯಲ್ಲಿ ಅಂಥ ಪದ ಹುಟ್ಟುವುದು ಹೇಗೆ?

ಅದೇ ದಶಕದಲ್ಲಿ ಮಂಡ್ಯದ ನೆಲ ಬದಲಾಯಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದು, ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಆ ನಾಲೆಯೇ ಈಗಿನ ವಿಶ್ವೇಶ್ವರಯ್ಯ ನಾಲೆ. ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ದುಡಿಮೆ, ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲ ಇವುಗಳಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಸಕ್ಕರೆ ಮಾಡಿದ ಮೇಲೆ ಉಳಿಯುವ ಕಪ್ಪು ಪಾಕವನ್ನು ಕಾಕಂಬಿ ಎನ್ನುತ್ತಾರೆ. ಅದನ್ನು ಹುಳಿಬರಿಸಿ ಬಟ್ಟಿಯಿಳಿಸಿದರೆ ಮದ್ಯಸಾರ. ಕಾರ್ಖಾನೆಗೆ ಡಿಸ್ಟಿಲರಿಯೂ ಸೇರಿಕೊಂಡಿತು. ಹಿಂದೆ ಬೆಲ್ಲಕ್ಕೆ ಬಿಳಿಜಾಲಿಯ ತೊಗಟೆ ಬೆರೆಸಿ ಕೊಳೆಹಾಕಿ ಇಳಿಸುತ್ತಿದ್ದ ಸಾರಾಯಿಯ ಸ್ಥಾನವನ್ನು ಯಂತ್ರದ ಸಾರಾಯಿ ಆಕ್ರಮಿಸಿತು. ಕಬ್ಬಿನ ಹಣ, ಕಾರ್ಖಾನೆಯ ಬಟವಾಡೆ ಎರಡೂ ಕೈಗೆ ಬಂದ ದಿನ ಅಂಗಡಿಯ ಮುಂದೆ ಜನ. ಸಾರಾಯಿ ಕೆಡುವ ಪದಾರ್ಥವಲ್ಲ. ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಅದಕ್ಕೆ ಮರ ಬೇಡ, ನೆರಳು ಬೇಡ, ಕಾಯುವ ಹೊತ್ತೂ ಬೇಡ. ಹೆಂಡ ಒಂದು ಸಂಜೆಯನ್ನು ಬೇಡುತ್ತಿತ್ತು. ಸಾರಾಯಿಗೆ ಒಂದು ನಿಮಿಷ ಸಾಕಾಯಿತು.

ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಹರೆಯದಲ್ಲಿ ಮರ ಇಳಿಸುತ್ತಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆ. ಅವರು ಎಲೆಯಡಿಕೆ ಮೆಲ್ಲುತ್ತ, “ಹೆಂಡ ಕುಡ್ದೋನು ಮನೆ ದಾರಿ ಮರೀತಿದ್ದ ಸೋಮಿ, ಸಾರಾಯಿ ಕುಡ್ದೋನು ಮನೇನೇ ಮರ್ತ” ಎಂದರು. ಅಬ್ಕಾರಿ ವರದಿಗಳ ಕಂತೆಯನ್ನು ಓದಿದರೂ ಇದಕ್ಕಿಂತ ಸ್ಪಷ್ಟವಾದ ಮಾತು ಸಿಕ್ಕಲಾರದು.

ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಪಡಖಾನೆ ಶತ್ರುವಾಗಿ ಕಂಡದ್ದು ಸಹಜವೇ. 1938ರ ಏಪ್ರಿಲಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮರುವರ್ಷ ಚಿತ್ರದುರ್ಗದ ಕಡೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದುಹಾಕಿದರು. ಸರ್ಕಾರದ ಅಬ್ಕಾರಿ ಹುಟ್ಟುವಳಿಗೆ ಕೊಡಲಿಯಿಡುವುದೇ ಅದರ ಉದ್ದೇಶ. ಗಾಂಧೀಜಿ ತಮ್ಮ ರಚನಾತ್ಮಕ ಕಾರ್ಯಕ್ರಮದಲ್ಲಿ ಪಾನನಿರೋಧಕ್ಕೆ ಸ್ಥಾನ ಕೊಟ್ಟಿದ್ದರು; 1950ರ ಸಂವಿಧಾನ ತನ್ನ 47ನೆಯ ವಿಧಿಯಲ್ಲಿ ಅದನ್ನು ರಾಜ್ಯದ ಗುರಿಯೆಂದು ಹೇಳಿತು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಪಾನನಿರೋಧ ಜಾರಿಗೆ ಬಂದಿತು; 1961ರಲ್ಲಿ ಅದಕ್ಕೆಂದೇ ಒಂದು ಕಾಯಿದೆಯಾಯಿತು; 1967ರಲ್ಲಿ ರಾಜ್ಯ ಅದನ್ನು ಕೈಬಿಟ್ಟಿತು. ಬೊಕ್ಕಸದ ನಷ್ಟ ಒಂದು ಕಾರಣ, ಕಳ್ಳಬಟ್ಟಿ ಇನ್ನೊಂದು. ಆಲೆಮನೆಯಿರುವ ಸೀಮೆಯಲ್ಲಿ ಬೆಲ್ಲಕ್ಕೆ ಬರವೇ? ಪಾನನಿರೋಧವನ್ನು ತಂದವರ ಸದುದ್ದೇಶವನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ಫಲವನ್ನು ನೋಡಿ. ಚಪ್ಪರ ಹೋಯಿತು, ಬಟ್ಟಿ ಪೊದೆಯ ಮರೆಗೆ ಹೋಯಿತು. ಊರಿನ ಕಣ್ಣು ತಪ್ಪಿಸಿ ಕುಡಿಯುವುದನ್ನು ಜನ ಕಲಿತರು. ಪಾನನಿರೋಧ ತೆಗೆದ ಮೇಲೆ ಪಾನ ಮರಳಿ ಬಂದಿತು. ಚಪ್ಪರ ಮರಳಿ ಬರಲಿಲ್ಲ.

ಅದರ ಬದಲಿಗೆ ಬಂದದ್ದು ಸನ್ನದು. 1965ರ ಅಬ್ಕಾರಿ ಕಾಯಿದೆ, 1968ರ ಮದ್ಯ ಮಾರಾಟದ ನಿಯಮಗಳು ಇಂದಿಗೂ ನಮ್ಮ ಬೀದಿಗಳ ಸಂಜೆಯನ್ನು ಆಳುತ್ತಿವೆ. ಅವುಗಳ ಪ್ರಕಾರ ಸಿ.ಎಲ್.-2 ಎಂದರೆ ಶೀಷೆ ಮಾರುವ ಅಂಗಡಿ. ಅಲ್ಲಿ ಕೊಂಡು ಹೋಗಬೇಕೇ ಹೊರತು ಕುಡಿಯುವಂತಿಲ್ಲ. ಸಿ.ಎಲ್.-9 ಎಂದರೆ ಊಟವೂ ಇರುವ ಬಾರು. 1992ರ ಹೊತ್ತಿಗೆ ಖಾಸಗಿಯವರಿಗೆ ಇಂಥ ಹೊಸ ಅಂಗಡಿ, ಬಾರುಗಳ ಸನ್ನದು ಕೊಡುವುದು ನಿಂತಿತು; ಇದ್ದ ಸನ್ನದೇ ಆಸ್ತಿಯಾಯಿತು. ಬಡವನಿಗೆ ಉಳಿದದ್ದು ಸಾರಾಯಿ. ಅದೂ ಪ್ಲಾಸ್ಟಿಕ್ ಪೊಟ್ಟಣಕ್ಕಿಳಿಯಿತು. ಹಲ್ಲಿನಿಂದ ಮೂಲೆ ಕಚ್ಚಿ ಹರಿದು, ಬಾಯಿಗೆ ಹಿಂಡಿಕೊಂಡು, ಪೊಟ್ಟಣವನ್ನು ಕಾಲಡಿಗೆ ಎಸೆದು ಹೋಗುವುದು. ಪಾನದ ಚರಿತ್ರೆಯಲ್ಲಿ ಲೋಟವೂ ಬೇಡವಾದ ಘಟ್ಟ ಅದು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಬಡವರೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಒಳನಾಡಿನಲ್ಲಿ ಈಚಲು ಹೆಂಡದ ಮಾರಾಟವೂ ಅದೇ ದಶಕದಲ್ಲಿ ನಿಂತಿತು. ಸಾರಾಯಿಯ ಜಾಗಕ್ಕೆ ಬಂದದ್ದು 90 ಮಿಲಿಲೀಟರಿನ ಕಾಗದದ ಪೊಟ್ಟಣದ ಅಗ್ಗದ ವಿಸ್ಕಿ. ಅದರಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು. ಹೆಂಡದ 5 ಎಲ್ಲಿ, ಈ 42.8 ಎಲ್ಲಿ! ಹೋಲಿಕೆಗೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 2001ರಲ್ಲಿ ತೆಂಗಿಗೆ ನುಸಿಪೀಡೆ ತಗುಲಿ ಬೆಳೆ ಹೋದಾಗ, ನೀರಾ ಇಳಿಸಲು ಅನುಮತಿ ಕೊಡಿರೆಂದು ರೈತರು ಚಳವಳಿ ಹೂಡಿದರು. ಮದ್ದೂರಿನ ನೆರೆಯ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಪ್ರಾಣಗಳು ಹೋದವು. ಮರದಿಂದ ಬೆಳಗಿನ ಜಾವ ಇಳಿಯುವ ಸಿಹಿರಸಕ್ಕೆ ಗುಂಡು; ಕಾರ್ಖಾನೆಯ ವಿಸ್ಕಿಗೆ ಸನ್ನದು. ಮುಂದೆ ಕಾನೂನು ನೀರಾಕ್ಕೆ ದಾರಿ ಮಾಡಿಕೊಟ್ಟಿತು. ಆದರೂ ಆ ವರ್ಷವನ್ನು ಆ ಸೀಮೆಯ ಜನ ಮರೆತಿಲ್ಲ.

ಇಷ್ಟೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮೂರು ಊರುಗಳ ಸಂಜೆಯನ್ನು ಹೋಗಿ ನೋಡಿದೆ. ಮಂಡ್ಯದ ಬಾರು ಸಾಮಾನ್ಯವಾಗಿ ಮಹಡಿಯ ಮೇಲಿದೆ. ಮೆಟ್ಟಿಲು ಇಕ್ಕಟ್ಟು, ಒಳಗೆ ಮಬ್ಬು ದೀಪ. ಹಗಲಿನಲ್ಲಿಯೂ ರಾತ್ರಿಯಂತಿರುವುದು ಅದರ ಲಕ್ಷಣ. ಪರಸ್ಪರ ಮುಖ ಕಾಣಬಾರದೆಂಬುದೇ ಅಲ್ಲಿಯ ಶಿಲ್ಪಶಾಸ್ತ್ರವೆಂದು ತೋರುತ್ತದೆ. ತಿನಿಸಿನ ಪಟ್ಟಿಯಲ್ಲಿ ಗೋಬಿ ಮಂಚೂರಿ, ಚಿಲ್ಲಿ ಚಿಕನ್, ಕಬಾಬು. ಯಾವ ಊರಿನ ಬಾರಿಗೆ ಹೋದರೂ ಸಿಕ್ಕುವಂಥವು. ಆದರೂ ಅಡುಗೆಯವನು ಈ ಕಡೆಯವನಾದರೆ, ಕೇಳಿದವರಿಗೆ ಒಂದು ತಟ್ಟೆ ಬೋಟಿಯೋ ತಲೆಮಾಂಸವೋ ಒಳಗಿನಿಂದ ಬರುತ್ತದೆ. ಆಗ ಹಳೆಯ ಚಪ್ಪರ ಕ್ಷಣಕಾಲ ನೆನಪಾಗುತ್ತದೆ. ಜಾಗಕ್ಕೆ ಅಂಕ ಕೊಡುವುದಾದರೆ ಕಡಿಮೆಯೇ ಕೊಡಬೇಕು. ಕೂತವರ ಮಾತಿಗೆ ಮಾತ್ರ ಪೂರ್ತಿ ಅಂಕ. ನಾಲೆಗೆ ನೀರು ಬಿಡುವ ದಿನ, ಕಬ್ಬಿನ ಬಾಕಿ, ಸಕ್ಕರೆ ಕಾರ್ಖಾನೆಯ ಗತಿ ಇವುಗಳ ಮೇಲೆ ಅಲ್ಲಿ ನಡೆಯುವ ಚರ್ಚೆ ಯಾವ ಸಭೆಗೂ ಕಡಿಮೆಯಲ್ಲ.

ಮದ್ದೂರಿನ ಅಂಗಡಿಗಳು ಬಹುಕಾಲ ಹೆದ್ದಾರಿಯನ್ನು ನಂಬಿದ್ದವು. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿಯಿರಕೂಡದೆಂದು ವಿಧಿಸಿತು. ಮುಂದೆ ಸಣ್ಣ ಊರುಗಳಿಗೆ ಆ ಅಂತರ 220 ಮೀಟರಿಗೆ ಇಳಿಯಿತು. 2017ರ ಜುಲೈಯಲ್ಲಿ ಪುರಸಭೆ, ನಗರಸಭೆಗಳ ಎಲ್ಲೆಯೊಳಗೆ ಆದೇಶ ಅನ್ವಯಿಸದೆಂದು ಸ್ಪಷ್ಟವಾಯಿತು. 2023ರ ಮಾರ್ಚಿನಲ್ಲಿ ಹೊಸ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ, ವಾಹನಗಳು ಊರನ್ನು ಬಳಸಿಕೊಂಡು ಹೋಗತೊಡಗಿದವು. ರೈಲು ಕೊಟ್ಟ ಹೆಸರನ್ನು ರಸ್ತೆ ಬೆಳೆಸಿತ್ತು. ಹೊಸ ರಸ್ತೆ ಊರನ್ನೇ ಬದಿಗಿಟ್ಟಿತು. ಹಳೆಯ ರಸ್ತೆಯ ಬದಿಯಲ್ಲಿ ಈಗ ಕೂರುವವರು ಬಹುಮಟ್ಟಿಗೆ ಊರಿನವರೇ. ವಡೆಯ ಅಂಗಡಿಗೆ ಇದು ನಷ್ಟ. ಕುಡಿಯುವ ಮನೆಗೆ ಲಾಭವಾಗಬಹುದಿತ್ತು. ದಾರಿಹೋಕರ ಜಾಗ ಊರವರ ಜಾಗವಾಗುವುದಕ್ಕೆ ಒಂದು ಅವಕಾಶ ಒದಗಿತ್ತು. ಆದರೆ ನಾನು ಕಂಡದ್ದು ಶೀಷೆಯಂಗಡಿಯ ಕಟಕಟೆಯ ಮುಂದಿನ ನೂಕುನುಗ್ಗಲನ್ನು. ಕೊಂಡವರು ಅಲ್ಲಿ ಕುಡಿಯಬಾರದೆಂಬ ನಿಯಮಕ್ಕೆ ತಲೆಬಾಗಿ, ಹತ್ತು ಹೆಜ್ಜೆ ಆಚೆ ಚರಂಡಿಯ ಪಕ್ಕದಲ್ಲಿ ನಿಂತು ಕುಡಿಯುತ್ತಿದ್ದರು. ತಿನಿಸು, ಒಂದು ಚೀಟಿ ಉಪ್ಪಿನಕಾಯಿ.

ಮಳವಳ್ಳಿಯಲ್ಲಿ ಒಂದು ಮಿಲಿಟರಿ ಹೋಟೆಲಿನಲ್ಲಿ ಉಂಡ ಊಟವನ್ನು ಮರೆಯುವಂತಿಲ್ಲ. ಹಬೆಯಾಡುವ ಮುದ್ದೆ, ಕುರಿಮಾಂಸದ ಸಾರು, ಪಕ್ಕದಲ್ಲಿ ಹಸಿ ಈರುಳ್ಳಿ. ಬಡಿಸಿದವರು, “ಇನ್ನೊಸಿ ಸಾರು ಬುಟ್ಕೊಳಿ” ಎಂದು ಬಲವಂತ ಮಾಡಿದರು. ಆ ಹೋಟೆಲಿನಿಂದ ಹೊರಬಂದರೆ ಎದುರಿಗೇ ಶೀಷೆಯಂಗಡಿ. ಒಂದರಲ್ಲಿ ಊಟ, ಮರ್ಯಾದೆ, ಬೆಳಕು. ಇನ್ನೊಂದರಲ್ಲಿ ಕಬ್ಬಿಣದ ಸರಳಿನ ಹಿಂದಿನಿಂದ ಚಾಚಿದ ಕೈ. ನಡುವೆ ಇರುವುದು ಒಂದು ಬೀದಿಯ ಅಂತರ. ಅದನ್ನು ದಾಟಿಸುವ ನಿಯಮವೊಂದು ಬರಲಿಲ್ಲ.

ಆ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬರೊಡನೆ ಮಾತಿಗೆ ನಿಂತೆ. ಅವರ ಊರಿನ ಸಾರಾಯಿ ಅಂಗಡಿ 2007ರಲ್ಲಿ ಮುಚ್ಚಿತಂತೆ. ಒಳ್ಳೆಯದಾಯಿತಲ್ಲವೇ ಎಂದೆ. ಅವರು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಹೇಳಿದರು: “ಅಂಗ್ಡಿ ಮುಚ್ಚುದ್ರೆ ಸಾಕು ಅಂತಿದ್ದೋ ಕಣಪ್ಪ. ಮುಚ್ಚುದ್ರು. ಈಗ ಅದು ಜೋಬಲ್ಲಿ ಕೂತ್ಕಂಡು ಮನೆಗೇ ಬತ್ತದೆ.”

ಹಳ್ಳಿಯ ಗೂಡಂಗಡಿಗಳಲ್ಲಿ, ಮೊಟ್ಟೆ ಬಿಸ್ಕತ್ತುಗಳ ಹಿಂದೆ, ಸನ್ನದಿಲ್ಲದೆ ಆ ಕಾಗದದ ಪೊಟ್ಟಣಗಳು ಮಾರಾಟವಾಗುವುದು ಯಾರಿಗೂ ತಿಳಿಯದ ಗುಟ್ಟಲ್ಲ. ಈ ಹೆಂಗಸರ ಸಂಕಟವೇ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಮಹಿಳೆಯರನ್ನು ಕಾಲ್ನಡಿಗೆಯಲ್ಲಿ ಕರೆತಂದಿತು. ಅವರು ಕೇಳಿದ್ದು ಸಂಪೂರ್ಣ ಮದ್ಯನಿಷೇಧವನ್ನು. ಅವರನ್ನು ತಪ್ಪೆನ್ನುವ ಎದೆ ಯಾರಿಗಿದೆ? ಇತ್ತ ರಾಜ್ಯದ 2025–26ರ ಮುಂಗಡಪತ್ರದಲ್ಲಿ ಅಬ್ಕಾರಿಯಿಂದ ನಿರೀಕ್ಷಿಸಿದ ಹಣ 40,000 ಕೋಟಿ ರೂಪಾಯಿ. ಈ ಎರಡರ ನಡುವೆ, ನಿಷೇಧವೂ ಬಾರದೆ, ಒಳ್ಳೆಯ ಜಾಗವೂ ಸಿಕ್ಕದೆ, ಚರಂಡಿಯ ಪಕ್ಕದಲ್ಲಿ ನಿಂತವನ ಪ್ರಶ್ನೆ ಉಳಿದಿದೆ.

ಕುಡಿಯಬೇಕೆಂದು ಈ ಲೇಖನ ಯಾರಿಗೂ ಹೇಳುತ್ತಿಲ್ಲ. ಕುಡಿಯದವನ ಮನೆ ಸುಖವಾಗಿರುತ್ತದೆಂಬುದನ್ನು ಸೊಪ್ಪು ಮಾರುವವರು ನನಗಿಂತ ಚೆನ್ನಾಗಿ ಬಲ್ಲರು. ಇನ್ನೂರು ವರ್ಷಗಳ ಲೆಕ್ಕ ಹೇಳುವುದು ಇಷ್ಟೇ. ಟೀಪುವಿನ ಆಜ್ಞೆ, ಕಮಿಷನರ ಹರಾಜು, ಗಾಂಧೀವಾದಿಗಳ ಕೊಡಲಿ, ಸಾರಾಯಿಯ ನಿಷೇಧ ಇವೆಲ್ಲ ಬಂದು ಹೋದ ಮೇಲೆ, ಪಾನ ಎಂಟು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಉಳಿದಿದೆ. ಕಳೆದುಹೋದದ್ದು ತಿನಿಸು ಮತ್ತು ಜಾಗ. ಜಾಗದೊಂದಿಗೆ ಊರಿನ ಕಣ್ಣೂ ಹೋಯಿತು, “ಸಾಕು, ಎದ್ದೇಳೋ” ಎಂದು ಹೇಳುವ ಪಕ್ಕದವನೂ ಹೋದನು. ಶಾಮಾಶಾಸ್ತ್ರಿಗಳ ತಾಳೆಗರಿಯಲ್ಲಿದ್ದ ಆ ಹೂಮಾಲೆ, ಸುಗಂಧಗಳು ಬೇಡ; ಕುಡಿಯುವವನಿಗೆ ಒಂದು ಮಣೆ, ಒಂದು ತಟ್ಟೆ ಊಟ, ಮುಖ ಕಾಣುವಷ್ಟು ಬೆಳಕು ಇಷ್ಟನ್ನಾದರೂ ವಿಧಿಸುವ ನಿಯಮವಿದ್ದಿದ್ದರೆ, ಎಷ್ಟು ಮಂದಿ ಒಂದು ಪೊಟ್ಟಣ ಮೊದಲೇ ಎದ್ದು ಮನೆಗೆ ಹೋಗುತ್ತಿದ್ದರೋ!

ಮದ್ದೂರಿನಿಂದ ಮರಳುವಾಗ ಒಂದು ಹಳ್ಳದ ದಂಡೆಯಲ್ಲಿ ಈಚಲ ಮರವೊಂದನ್ನು ಕಂಡೆ. ಕಾಂಡದ ಕೆಳಭಾಗದಲ್ಲಿ ಹತ್ತಾರು ಕಚ್ಚುಗಳು, ಎಡಕ್ಕೊಂದು ಬಲಕ್ಕೊಂದು. ಮೇಲಕ್ಕೆ ಹೋದಂತೆ ಕಾಂಡ ನೆಟ್ಟಗಾಗಿ, ನಯವಾಗಿ ಬೆಳೆದುಕೊಂಡಿತ್ತು. ಅಲ್ಲಿಂದ ಮೇಲೆ ಯಾರೂ ಅದಕ್ಕೆ ಏಣಿ ಹಾಕಿರಲಿಲ್ಲ. ಅದರ ಬುಡದಲ್ಲಿ, ಮಣ್ಣು ಮೆತ್ತಿಕೊಂಡು, 90 ಮಿಲಿಲೀಟರಿನ ಒಂದು ಖಾಲಿ ಪೊಟ್ಟಣ ಬಿದ್ದಿತ್ತು.